ಕೊನೆಗೂ ಗಿರಣಿ ಬಂದ್ ಆಯಿತು

ಐದು ವಾರ, ನಾಲ್ಕು ಬೇರಿಂಗ್, ಒಂದು ಸುಟ್ಟ ಬೆರಳು. ನಿನ್ನೆ ಸಂಜೆ ನಮ್ಮ ಮಾರುತಿ 800 ಬಾಯಿ ಮುಚ್ಚಿತು.

ಸಿದ್ಧೇಶ್ವರ ಜಾತ್ರೆ ಮುಗಿದ ವಾರ ಶುರುವಾದ ಶಬ್ದ ಇದು. ವೇಗ 40ರವರೆಗೆ ಏನೂ ಇಲ್ಲ. 45ಕ್ಕೆ ದೂರದಲ್ಲೆಲ್ಲೋ ವಿಮಾನ ಹೋದ ಹಾಗೆ. 60 ಮುಟ್ಟಿದರೆ ಕಾರಿನೊಳಗೇ ಹಿಟ್ಟಿನ ಗಿರಣಿ. ಹಿಂದಿನ ಸೀಟಿನಲ್ಲಿದ್ದ ಅವ್ವ, "ಜ್ವಾಳ ತಂದಿದ್ರ ಹಾದ್ಯಾಗ ಬೀಸ್ಕೊಂಡು ಹೋಗಬಹುದಿತ್ತು" ಅಂದಳು.

ಕಾರು 1997ರದ್ದು. ಕಾರ್ಬ್ಯುರೇಟರ್, ನಾಲ್ಕು ಗೇರ್, ಅಪ್ಪ ತಂದದ್ದು. ಅಥಣಿ ರಸ್ತೆಯಲ್ಲಿ 60ಕ್ಕೆ ಏರಿಸಿ ನ್ಯೂಟ್ರಲ್‌ಗೆ ಹಾಕಿದೆ. ಎಂಜಿನ್ ಸುಮ್ಮನಾಯಿತು, ಗಿರಣಿ ನಿಲ್ಲಲಿಲ್ಲ. ಅಂದ್ರೆ ಗಾಲಿ ಕಡೆಯದೇ. ಟೈರ್ ಇಲ್ಲಾ ಗಾಲಿ ಹಗುರಾಗಿ ತಿರುಗಲು ಇರುವ ಗುಂಡಿನ ಬೇರಿಂಗ್. ಭಾನುವಾರ ಒಂದರಲ್ಲಿ ಮುಗಿಯುವ ಕೆಲಸ ಅಂದುಕೊಂಡೆ.

ಹಿಂದಿನ ಎಡಗಾಲಿಯನ್ನು ಮೊದಲೇ ಲೆಕ್ಕದಿಂದ ಬಿಟ್ಟೆ. ದೀಪಾವಳಿ ರಜೆಯಲ್ಲಿ ಅದರ ಎರಡೂ ಬೇರಿಂಗ್ ನಾನೇ ಹೊಸದು ಹಾಕಿದ್ದೆ. ಮೂರು ತಿಂಗಳ ಬೇರಿಂಗ್ ಎಲ್ಲಾದರೂ ಕೂಗುತ್ತದಾ?

ಮೊದಲು ಟೈರ್. ಮುಂದಿನ ಎಡ ಟೈರಿನ ಮೇಲೆ ಅಂಗೈ ಆಡಿಸಿದರೆ ಒಂದು ದಿಕ್ಕಿಗೆ ನುಣುಪು, ತಿರುಗಿ ಎಳೆದರೆ ಗರಗಸ. ಸಿಕ್ಕಿತು ಅಂತ ಕುಣಿದು ಹಿಂದಿನವನ್ನು ಮುಂದೆ, ಮುಂದಿನವನ್ನು ಹಿಂದೆ ಹಾಕಿದೆ. ಒಂದು ಸಣ್ಣ ಗುಂಯ್ ಶಬ್ದ ಟೈರಿನ ಜೊತೆ ಹಿಂದಕ್ಕೆ ಹೋಯಿತು. ದೊಡ್ಡದು ಇದ್ದ ಹಾಗೇ ಇತ್ತು. ಎರಡು ಶಬ್ದ ಒಂದರ ಮೇಲೊಂದು ಕೂತಿದ್ದವು, ನಾನು ಸಣ್ಣದನ್ನು ಹಿಡಿದಿದ್ದೆ. ಖಾತ್ರಿ ಮಾಡಿಕೊಳ್ಳಲು ಕೊಲ್ಹಾರದ ಕಡೆ ಹೊರಟೆ. ಅಲ್ಲಿಯ ಹೆಸರಾದ ಮೊಸರು ತರುವ ನೆಪವೂ ಆಯಿತು. ಕೃಷ್ಣಾ ಸೇತುವೆ ಹತ್ತಿದ ಕೂಡಲೇ ಟೈರಿನ ದನಿ ಬದಲಾಯಿತು, ಜಾಯಿಂಟುಗಳ ಮೇಲೆ ಟಪ್ ಟಪ್ ಅಂದಿತು. ಗಿರಣಿ ಮಾತ್ರ ಅದೇ ರಾಗ. ರಸ್ತೆ ಬದಲಾದರೂ ಬದಲಾಗದ ಶಬ್ದ ಟೈರಿನದ್ದಲ್ಲ.

ನಮ್ಮ ಗ್ಯಾರೇಜ್ ಮಿಸ್ತ್ರಿ ಒಂದು ಸುತ್ತು ಹೊಡೆದು ಬಂದ. "ಮುಂದಿನ ಬಲಗಾಲಿರೀ ಸಾಹೇಬ್ರ. ಬೇಕಾದ್ರ ಬರ್ದು ಕೊಡ್ತೀನಿ." ಬರೆಸಿಕೊಳ್ಳಬೇಕಿತ್ತು.

ಬೇರಿಂಗ್ ತರಲು ಹೋದರೆ ಅದೇ ಒಂದು ಪುರಾಣ. ಡಬ್ಬಿ ಒಳ್ಳೆ ಕಂಪನಿಯದು, ಒಳಗಿನ ಮಾಲು ಯಾವನದೋ. ಹೆಬ್ಬೆರಳಿನಿಂದ ತಿಕ್ಕಿದರೆ ನಂಬರು ಕೈಗೇ ಬಂತು. ಅಂಗಡಿಯವನಿಗೆ ತೋರಿಸಿದೆ. "ದುಂಡಗ ಐತಲ್ರೀ, ಮತ್ತೇನ್ ಬೇಕ್ರೀ?" ಅಂದ. ಇನ್ನೊಂದು ಅಂಗಡಿಯಲ್ಲಿ ಅಸಲಿ ಸಿಕ್ಕಿತು, ಹತ್ತಿರ ಹತ್ತಿರ ಡಬಲ್ ರೇಟಿಗೆ. ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿ ಹಾಕಿಸಿದೆ. 60ಕ್ಕೆ ಏರಿಸಿದೆ. ಗಿರಣಿ! ತೆಗೆದ ಹಳೆ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದರೆ ಬೆಣ್ಣೆ ಹಾಗೆ ತಿರುಗುತ್ತಿತ್ತು. ಅದರದ್ದೇನೂ ತಪ್ಪಿರಲಿಲ್ಲ.

ಖಾಲಿ ಮೈದಾನದಲ್ಲಿ ಹಾವಿನ ಹಾಗೆ ಎಡಕ್ಕೆ ಬಲಕ್ಕೆ ಹೊರಳಿಸಿದೆ. ಎಡಕ್ಕೆ ತಿರುಗಿಸಿದರೆ ಭಾರ ಬಲಕ್ಕೆ ಬೀಳಬೇಕು, ಕೆಟ್ಟಿದ್ದು ಜೋರಾಗಿ ಕೂಗಬೇಕು. ಎರಡೂ ಕಡೆ ಒಂದೇ ಥರ. ಜಾಕ್ ಹಚ್ಚಿ ನಾಲ್ಕೂ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದೆ. ಎಲ್ಲೂ ಆಟ, ಅಂದ್ರೆ ಸಡಿಲು, ಇಲ್ಲ. ಹಿಂದಿನ ಎಡದ್ದಂತೂ ಬಂಡೆಗಲ್ಲು. ನನ್ನ ಕೈಗುಣ ಅಂತ ಬೀಗಿದೆ. "ಶಬ್ದ ನನ್ನ ಬುಡಕs ಬರ್ತದೋ" ಅಂತ ಅವ್ವ ಎರಡು ಸಲ ಹೇಳಿದ್ದಳು. ಅವಳು ಕೂರುವುದು ಹಿಂದೆ ಎಡಕ್ಕೆ. ಗೋಳಗುಮ್ಮಟದ ಊರವ್ವಾ ಇದು, ಒಂದು ಕಡೆ ಪಿಸುಗುಟ್ಟಿದರೆ ಇನ್ನೊಂದು ಕಡೆ ಕೇಳುತ್ತದೆ, ಈ ತಗಡಿನ ಡಬ್ಬಿಯಲ್ಲೂ ಹಾಗೇ ಅಂತ ಅವಳಿಗೇ ಪಾಠ ಹೇಳಿದೆ.

ಎರಡನೇ ಸಲ ಮೊಸರಿಗೆ ಹೋಗಿ ಬಂದ ದಿನ ಸುಮ್ನೆ ನಾಲ್ಕೂ ಗಾಲಿಯ ನಡುಭಾಗ ಮುಟ್ಟುತ್ತಾ ಬಂದೆ. ಮೂರು ಬೆಚ್ಚಗೆ. ಹಿಂದಿನ ಎಡಕ್ಕೆ ಬೆರಳು ಚುರ್ ಅಂದಿತು.

ಬ್ರೇಕ್ ಹಿಡಿದಿರಬೇಕು, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಬ್ರೇಕ್ ಶೂ ಸಡಿಲ ಮಾಡಿದೆ, ಹ್ಯಾಂಡ್‌ಬ್ರೇಕ್ ಕೇಬಲ್ಲೂ ಸಡಿಲ ಬಿಟ್ಟೆ. ಮತ್ತೆ ಓಡಿಸಿ ನೋಡಿದರೆ ಅಷ್ಟೇ ಬಿಸಿ. ಆಗ ಒಂದು ವಿಷಯ ಗಮನಕ್ಕೆ ಬಂತು. ಬ್ರೇಕ್ ಹಿಡಿದಿದ್ದರೆ ಶೂ ಉಜ್ಜುವ ಡ್ರಮ್ಮಿನ ಅಂಚು ಕಾಯಬೇಕು. ಇಲ್ಲಿ ನಡುವಿನ ಗ್ರೀಸ್ ಕ್ಯಾಪ್ ಕಾದಿತ್ತು, ಅಂಚು ಅಷ್ಟಿಲ್ಲ.

ಕ್ಯಾಪ್ ಎಬ್ಬಿಸಿ, ಸ್ಪ್ಲಿಟ್ ಪಿನ್ ಎಳೆದು, ನಟ್ ಬಿಚ್ಚಿ ಡ್ರಮ್ ತೆಗೆದೆ. ಹೊರಗಿನ ಬೇರಿಂಗ್ ಹೊಡೆದು ತೆಗೆದು ಟಾರ್ಚ್ ಹಾಕಿದೆ. ಒಳಗಿನ ಬೇರಿಂಗ್ ಕಂಡಿತು. ನಡುವೆ ಇರಬೇಕಾದ ಸ್ಪೇಸರ್ ಇಲ್ಲ. ಡ್ರಮ್ ತಿರುವಿ ಹಾಕಿ ಅಲ್ಲಾಡಿಸಿದೆ, ಬೀಳುತ್ತದೇನೋ ಅಂತ. ಗ್ರೀಸಿನ ಮುದ್ದೆ ಬಿತ್ತು.

ಸ್ಪೇಸರ್ ಅಂದ್ರೆ ಒಂದು ಗಿಡ್ಡ ಕಬ್ಬಿಣದ ಕೊಳವೆ, ಅಷ್ಟೇ. ಎರಡು ಬೇರಿಂಗಿನ ಹೊರ ರಿಂಗುಗಳು ಡ್ರಮ್ಮಿನ ಒಳಗಿನ ಮೆಟ್ಟಿಲಿಗೆ ಆತುಕೊಂಡಿರುತ್ತವೆ. ಒಳ ರಿಂಗುಗಳ ನಡುವೆ ಈ ಕೊಳವೆ. ನಟ್ ಎಷ್ಟು ಬಿಗಿದರೂ ಆ ಒತ್ತು ಕೊಳವೆ ಹೊರುತ್ತದೆ. ಅದಿಲ್ಲದಿದ್ದರೆ ನಟ್ ಬಿಗಿದಂತೆ ಒಳ ರಿಂಗುಗಳು ಒಂದರ ಕಡೆಗೊಂದು ಸರಿದು ಗುಂಡುಗಳನ್ನು ಪಕ್ಕಕ್ಕೆ ಒತ್ತಿ ಹಿಂಡುತ್ತವೆ. ಅದಕ್ಕೇ ಗಾಲಿಗೆ ಚೂರೂ ಆಟ ಇರಲಿಲ್ಲ. ಬಂಡೆಗಲ್ಲಿನ ಗುಟ್ಟು ಅದು. ಹೊರಳಿಸಿದಾಗ ಶಬ್ದ ಬದಲಾಗದ್ದೂ ಅದಕ್ಕೇ ಇರಬೇಕು. ಮೊದಲೇ ಹಿಂಡಿಸಿಕೊಂಡು ಅರಚುವವನಿಗೆ ಇನ್ನೊಂದಿಷ್ಟು ಭಾರ ಯಾವ ಲೆಕ್ಕ?

ಮಿಸ್ತ್ರಿಯ ಗ್ರೈಂಡರಿನಲ್ಲಿ ಬೇರಿಂಗಿನ ಹೊರ ರಿಂಗ್ ಕತ್ತರಿಸಿ ನೋಡಿದೆವು. ಗುಂಡು ಓಡಿದ ಪಟ್ಟಿ ರಿಂಗಿನ ತೋಡಿನ ನಡುವೆ ಇರಬೇಕಿತ್ತು, ಒಂದು ಅಂಚಿಗೆ ಸರಿದಿತ್ತು. ಅಲ್ಲಿ ಉಕ್ಕು ಸಿಬಿರೆದ್ದು ಉದುರಿತ್ತು. ಒಳ ರಿಂಗ್ ನೀಲಿಗಟ್ಟಿತ್ತು. ಗ್ರೀಸ್ ಡಾಂಬರು.

ಯಾವನೋ ಹಳೆ ಮಿಸ್ತ್ರಿ ಸ್ಪೇಸರ್ ಹಾಕದೆ ಬಿಟ್ಟಿದ್ದಾನೆ ಅಂತ ಬಾಯಿ ತುಂಬ ಬೈದೆ. ಹಾಗಿದ್ದರೆ ಹಳೆ ಬೇರಿಂಗ್ ಇಷ್ಟು ವರ್ಷ ಹೇಗೆ ಬಾಳಿದವು ಅನ್ನೋದು ಹೊಳೆಯಲಿಲ್ಲ.

ಸ್ಪೇಸರ್ ಒಂದನ್ನೇ ಯಾವ ಅಂಗಡಿಯವನೂ ಕೊಡಲಿಲ್ಲ. "ಡ್ರಮ್ ತಗೊಳ್ರಿ" ಅಂದರು. ಲೇತ್‌ನವನು ಅರ್ಧ ಗಂಟೆಯಲ್ಲಿ ಕಡೆದು ಕೊಡುತ್ತೇನೆ ಅಂದ. ಕೂದಲೆಳೆ ಗಿಡ್ಡ ಆದರೆ ಮತ್ತೆ ಅದೇ ಗಿರಣಿ, ಧೈರ್ಯ ಬರಲಿಲ್ಲ. ಕೊನೆಗೆ ಗುಜರಿಯಲ್ಲಿ ಚಾಸಿಯೊಂದೇ ಉಳಿದಿದ್ದ 800ರಿಂದ 80 ರೂಪಾಯಿಗೆ ಬಿಚ್ಚಿಸಿಕೊಂಡೆ. ಅಲ್ಲೇ ಮೂಲೆಯಲ್ಲಿ ಒಂದು ಎರಡು ಸ್ಟ್ರೋಕಿನ ಚೇತಕ್ ಸ್ಕೂಟರ್ ಒರಗಿತ್ತು. ಸೈಡ್ ಡಬ್ಬಿಗಳು ಎರಡೂ ಇವೆ, ತುಕ್ಕು ಮೇಲೆ ಮೇಲೆ. ಒಂದು ಮಗ್ಗುಲಿಗೆ ಓಲಿಸಿ ಕಿಕ್ ಹೊಡೆದೆ. ಕಂಪ್ರೆಷನ್ ಇದೆ! ರೇಟ್ ಕೇಳಿ ಇಟ್ಟಿದ್ದೇನೆ. ಕ್ಲಚ್ ಪ್ಲೇಟು, ಕೇಬಲ್ಲು ಯಾರ ಹತ್ತಿರ ಅಸಲಿ ಇವೆ ಅಂತ ಗೊತ್ತಿದ್ದವರು ತಿಳಿಸಿ. ಯುಗಾದಿ ಆದ ಮೇಲೆ ಅದನ್ನೇ ಹಿಡಿಯುವುದು.

ಬಲಗಡೆ ಡ್ರಮ್ಮನ್ನೂ ಬಿಚ್ಚಿ ಅದರ ಸ್ಪೇಸರ್ ಜೊತೆ ಗುಜರಿಯದನ್ನು ವರ್ನಿಯರಿನಲ್ಲಿ ಹೋಲಿಸಿದೆ. ಒಂದೇ ಅಳತೆ. ಎಡಕ್ಕೆ ಹೊಸ ಜೋಡಿ ಬೇರಿಂಗ್, ಹಳೆಯ ಹೊರ ರಿಂಗನ್ನೇ ಅಡ್ಡ ಇಟ್ಟು ಒಂದೇ ಸಮ ಕೂರಿಸಿದೆ, ನಟ್ ಪೂರ್ತಿ ಬಿಗಿದೆ. ಅಥಣಿ ರಸ್ತೆ, 60, 70. ಕಾರ್ಬ್ಯುರೇಟರ್ ಗಾಳಿ ಎಳೆಯುವುದು ಕೇಳಿಸಿತು. ಹಿಂದೆ ಅವ್ವ ನಿದ್ದೆ ಮಾಡಿದ್ದಳು.

ರಾತ್ರಿ ಪಾನಾಗಳನ್ನು ಒರೆಸಿ ಇಡುವಾಗ ನಟ್-ಬೋಲ್ಟಿನ ಬಿಸ್ಕತ್ತು ಡಬ್ಬಿ ಕೈ ಜಾರಿತು. ಎಲ್ಲಾ ಚೆಲ್ಲಿತು. ಕಟ್ಟೆಯ ಕೆಳಗೆ ಒಂದು ಗಿಡ್ಡ ಕೊಳವೆ ಉರುಳಿಕೊಂಡು ಹೋಯಿತು. ದೀಪಾವಳಿ ದಿನ ಡ್ರಮ್ ಬಿಚ್ಚಿಟ್ಟಿದ್ದಾಗ ಮಾವ ಬಂದಿದ್ದ. ಎದ್ದು ಹೋಗಿ ಕರ್ಚಿಕಾಯಿ ತಿಂದು, ಚಹಾ ಕುಡಿದು, ಬಂದು ಉಳಿದದ್ದನ್ನು ಜೋಡಿಸಿದ್ದೆ.

ಅದನ್ನೂ ವರ್ನಿಯರಿಗೆ ಹಿಡಿದೆ. ಅದೇ ಅಳತೆ. ಅವ್ವನಿಗೆ ಹೇಳಿಲ್ಲ.