ಹ್ಯಾಶ್‌ಮ್ಯಾಪ್ ತನ್ನ ಬಕೆಟ್‌ಗಳನ್ನು ಯಾಕೆ ಬರೆಯುವುದಿಲ್ಲ?

ನಮ್ಮ ಟೀಮಿಗೆ ಹೊಸಬರು ಬಂದರೆ ನಾನು ಮೊದಲು ಓದಿಸುವುದು ಜಾವಾದ ಅರೇಲಿಸ್ಟ್ ಸೋರ್ಸ್ ಕೋಡ್. ಅಲ್ಲೊಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕ್ಲಾಸ್ ಏನೋ ಸೀರಿಯಲೈಸಬಲ್, ಅಂದರೆ ಅದರ ಆಬ್ಜೆಕ್ಟನ್ನು ಫೈಲಿಗೋ ನೆಟ್‌ವರ್ಕ್‌ಗೋ ಬರೆದು ಆಮೇಲೆ ವಾಪಸ್ ಓದಬಹುದು. ಆದರೆ ಎಲಿಮೆಂಟ್‌ಗಳು ಕೂತಿರುವ ಅರೇಗೇ ಟ್ರಾನ್ಸಿಯೆಂಟ್ ಅಂತ ಹಾಕಿದ್ದಾರೆ. ಅಂದರೆ ಇದನ್ನು ಬರೆಯಬೇಡ ಅಂತ. ಮತ್ತೆ ಡೇಟಾ ಹೋಗುವುದು ಹೇಗೆ?

ಇನ್ನಷ್ಟು ಕೆಳಗೆ ಹೋದರೆ ರೈಟ್‌ಆಬ್ಜೆಕ್ಟ್ ಎಂಬ ಪ್ರೈವೇಟ್ ಮೆಥಡ್ ಸಿಗುತ್ತದೆ. ಅದು ಸೈಜ್ ಬರೆದು, ಇರುವ ಎಲಿಮೆಂಟ್‌ಗಳನ್ನು ಒಂದೊಂದಾಗಿ ಬರೆಯುತ್ತದೆ. ಒಳಗಿನ ಅರೇಯಲ್ಲಿ 1000 ಜಾಗವಿದ್ದು 3 ಮಾತ್ರ ತುಂಬಿದ್ದರೆ, ಉಳಿದ 997 ಖಾಲಿ ಜಾಗವನ್ನು ಸುಮ್ನೆ ಯಾಕೆ ಹೊರಬೇಕು, ಅಲ್ವಾ?

ಕೀ-ವ್ಯಾಲ್ಯೂ ಜೋಡಿಗಳನ್ನು ಬಕೆಟ್ ಎಂಬ ಖಾನೆಗಳಲ್ಲಿ ಇಡುವ ಹ್ಯಾಶ್‌ಮ್ಯಾಪ್‌ನಲ್ಲಿ ಜಾಗ ಉಳಿಸುವುದು ಸಣ್ಣ ವಿಷಯ. ಕೀ ಯಾವ ಬಕೆಟ್‌ಗೆ ಹೋಗಬೇಕು ಅಂತ ತೀರ್ಮಾನಿಸುವುದು ಅದರ ಹ್ಯಾಶ್‌ಕೋಡ್, ಅಂದರೆ ಕೀಗೆ ಲೆಕ್ಕ ಹಾಕಿ ಕೊಡುವ ಒಂದು ನಂಬರ್. ಸ್ಟ್ರಿಂಗ್ ಆದರೆ ಆ ಲೆಕ್ಕ ಎಲ್ಲ ಕಡೆ ಒಂದೇ. ಈನಮ್ (ಮೊದಲೇ ನಿಗದಿಯಾದ ಹೆಸರುಗಳ ಪಟ್ಟಿ) ಕೀ ಆದರೆ ಹಾಗಲ್ಲ, ಪ್ರೋಗ್ರಾಂ ಮತ್ತೊಮ್ಮೆ ಶುರುವಾದಾಗ ಬೇರೆ ನಂಬರ್ ಬರಬಹುದು. ಹಳೇ ಬಕೆಟ್‌ಗಳನ್ನು ಹಾಗೇ ತಂದಿಟ್ಟರೆ ಕೀ ಮ್ಯಾಪ್‌ನೊಳಗೇ ಇರುತ್ತದೆ, ಗೆಟ್ ಮಾಡಿದರೆ ನಲ್ ಬರುತ್ತದೆ. ಅದಕ್ಕೇ ಕೀ-ವ್ಯಾಲ್ಯೂ ಜೋಡಿಗಳನ್ನಷ್ಟೇ ಬರೆದು, ವಾಪಸ್ ಓದುವ ರೀಡ್‌ಆಬ್ಜೆಕ್ಟ್ ಮೆಥಡ್‌ನಲ್ಲಿ ಒಂದೊಂದನ್ನೂ ಹೊಸದಾಗಿ ಸೇರಿಸುತ್ತಾರೆ.

ಇದರಲ್ಲೂ ಒಂದು ಕೊಕ್ಕೆ ಇದೆ. ಕೀ ಆಗಿರುವ ಆಬ್ಜೆಕ್ಟ್ ತಿರುಗಿ ಅದೇ ಮ್ಯಾಪನ್ನು ಹಿಡಿದುಕೊಂಡಿದೆ ಅಂದುಕೊಳ್ಳಿ. ಓದುವುದು ಆ ಆಬ್ಜೆಕ್ಟ್‌ನಿಂದ ಶುರುವಾದರೆ, ಅದರ ಫೀಲ್ಡ್‌ಗಳು ತುಂಬುವ ಮೊದಲೇ ಮ್ಯಾಪ್ ಅದರ ಹ್ಯಾಶ್‌ಕೋಡ್ ಕೇಳುತ್ತದೆ. ಆಮೇಲೆ ನಲ್ ಪಾಯಿಂಟರ್ ಎಕ್ಸೆಪ್ಶನ್. ಇಲ್ಲವೇ ತಪ್ಪು ಬಕೆಟ್. ಎರಡನೆಯದೇ ಜಾಸ್ತಿ ಕಾಟ, ಯಾಕೆಂದರೆ ಅದು ಬಾಯಿ ಬಿಡುವುದಿಲ್ಲ.

ಈಗ ಹೊಸ ಕೋಡ್‌ನಲ್ಲಿ ನಾನು ಬಳಸುವುದು ಡೇಟಾವನ್ನು ಪಠ್ಯವಾಗಿ ಬರೆಯುವ ಜೇಸನ್, ಅದಕ್ಕೆ ಜಾಕ್ಸನ್ ಲೈಬ್ರರಿ. ಅಲ್ಲಿ ಪದೇ ಪದೇ ನೋಡುವುದು ಇದು: ಒಳಗಿರುವ ದಿನಾಂಕದ ಫಾರ್ಮ್ಯಾಟ್ ಬದಲಿಸಲು ಇಡೀ ಲಿಸ್ಟ್‌ಗೇ ಸೀರಿಯಲೈಸರ್ (ಹೇಗೆ ಬರೆಯಬೇಕು ಅಂತ ಹೇಳುವ ಕೋಡ್) ಬರೆದು ಕೂರುತ್ತಾರೆ. ಎಲಿಮೆಂಟ್‌ಗೆ ಒಂದು ಬರೆದು, ಫೀಲ್ಡ್ ಮೇಲೆ ಹಾಕುವ ಅನೋಟೇಶನ್ ಎಂಬ ಗುರುತಿನಲ್ಲಿ ಕಂಟೆಂಟ್‌ಯೂಸಿಂಗ್ ಅಂತ ಕೊಟ್ಟರೆ ಮುಗಿಯಿತು. ಲೂಪ್, ಬ್ರಾಕೆಟ್ ಎಲ್ಲ ಜಾಕ್ಸನ್ ನೋಡಿಕೊಳ್ಳುತ್ತದೆ.

ಮ್ಯಾಪ್‌ನ ಕೀ ಮಾತ್ರ ಬೇರೆ ಕಥೆ. ಜೇಸನ್‌ನಲ್ಲಿ ಕೀ ಅಂದರೆ ಸ್ಟ್ರಿಂಗ್ ಮಾತ್ರ. ಬಸ್ ಸೀಟ್ ಅಂತ ಒಂದು ಕ್ಲಾಸ್ ಮಾಡಿ, ಸಾಲು ಮತ್ತು ನಂಬರ್ ಎರಡನ್ನೂ ಅದರಲ್ಲಿಟ್ಟು, ಅದನ್ನೇ ಕೀ ಮಾಡಿದರೆ ಜಾಕ್ಸನ್ ಬರೆಯುವಾಗ ಟುಸ್ಟ್ರಿಂಗ್ ಕರೆದು ಸದ್ದಿಲ್ಲದೆ ಮುಗಿಸಿಬಿಡುತ್ತದೆ. ಜಗಳ ತೆಗೆಯುವುದು ವಾಪಸ್ ಓದುವಾಗ, ಸ್ಟ್ರಿಂಗನ್ನು ಮತ್ತೆ ಕೀ ಆಬ್ಜೆಕ್ಟ್ ಮಾಡುವ ಕೀ ಡೀಸೀರಿಯಲೈಸರ್ ಎಲ್ಲಿ ಅಂತ. ಆದ್ದರಿಂದ ಕೀಗೆ ಸೀರಿಯಲೈಸರ್, ಡೀಸೀರಿಯಲೈಸರ್ ಎರಡನ್ನೂ ಒಟ್ಟಿಗೇ ಬರೆಯಿರಿ, ಟೆಸ್ಟ್‌ನಲ್ಲಿ ಹೋಗಿ ಬರುವ ದಾರಿ ಎರಡೂ ಇರಲಿ.

ಇನ್ನೊಂದು ಚಟದ ಬಗ್ಗೆ ನನಗೆ ನಿಜಕ್ಕೂ ತಕರಾರಿದೆ. ಬಿಲ್‌ನ ಐಟಂಗಳಿಗೆ ಅಂತ ಅರೇಲಿಸ್ಟನ್ನು ಎಕ್ಸ್‌ಟೆಂಡ್ ಮಾಡಿ, ಅದಕ್ಕೆ ರಿಯಾಯಿತಿ ಅಂತ ಒಂದು ಫೀಲ್ಡ್ ಸೇರಿಸುವುದು. ಜಾಕ್ಸನ್‌ಗೆ ಅದು ಬರೀ ಲಿಸ್ಟ್. ಐಟಂಗಳ ಅರೇ ಹೋಗುತ್ತದೆ, ರಿಯಾಯಿತಿ ಬಿಟ್ಟುಹೋಗುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಇದನ್ನು ಲಿಸ್ಟ್ ಅಲ್ಲ, ಆಬ್ಜೆಕ್ಟ್ ಆಗಿ ಬರೆ ಅನ್ನುವ ಶೇಪ್ ಆಬ್ಜೆಕ್ಟ್ ಅನೋಟೇಶನ್ ಹಾಕಿದರೆ ರಿಯಾಯಿತಿ ಬರುತ್ತದೆ, ಆದರೆ ಐಟಂಗಳನ್ನು ಹೊರಗೆ ಕೊಡುವ ಗೆಟರ್ ಮೆಥಡ್ ಬರೆಯದಿದ್ದರೆ ಈಗ ಐಟಂಗಳೇ ಮಾಯ! ಬಿಲ್ ಅಂತ ಒಂದು ಸಾದಾ ಕ್ಲಾಸ್ ಮಾಡಿ, ಲಿಸ್ಟನ್ನು ಅದರ ಒಳಗೆ ಫೀಲ್ಡ್ ಆಗಿ ಇಟ್ಟುಬಿಡಿ. ಕಸ್ಟಮ್ ಕೋಡ್ ಒಂದು ಸಾಲೂ ಬೇಕಾಗುವುದಿಲ್ಲ.