ನೋಟಿನ ಮೇಲಿನ ಸಹಿ

ಅಮೆರಿಕದಿಂದ ಬಂದಿರೋ ಅಕ್ಕನ ಮಗಳು ಇವತ್ತು ಪರ್ಸ್ ಖಾಲಿ ಮಾಡ್ತಾ ಒಂದು ಡಾಲರ್ ನೋಟು ಕೈಗಿಟ್ಳು, ಇಟ್ಕೋ ಚಿಕ್ಕಮ್ಮ ಅಂತ.

ನಾನು ನೋಡಿದ್ದು ಸಹಿ. ಬಲಗಡೆ ಆಗ ಅಲ್ಲಿನ ಹಣಕಾಸು ಮಂತ್ರಿ ಆಗಿದ್ದ ಜಾನೆಟ್ ಯೆಲೆನ್, ಎಡಗಡೆ ಆಗ ಖಜಾಂಚಿ ಆಗಿದ್ದ ಲಿನ್ ಮಲೆರ್ಬಾ. ಎರಡೂ ಹೆಂಗಸರ ಸಹಿ! 2022ರ ಡಿಸೆಂಬರ್‌ನಲ್ಲಿ ಬಂತಲ್ಲ, ಅದೇ ಮೊದಲು.

ಯೆಲೆನ್ 1971ರಲ್ಲಿ ಯೇಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮುಗಿಸಿದಾಗ ಆ ಬ್ಯಾಚ್‌ನಲ್ಲಿ ಎಕನಾಮಿಕ್ಸ್‌ಗೆ ಇವರೊಬ್ಬರೇ ಹೆಣ್ಣು. ಕ್ಲಾಸಲ್ಲಿ ಬರ್ಕೊಂಡಿದ್ದ ನೋಟ್ಸ್ ಎಷ್ಟು ನೀಟಾಗಿತ್ತು ಅಂದ್ರೆ ಆಮೇಲೆ ಬಂದ ಹುಡುಗರೆಲ್ಲ ವರ್ಷಗಟ್ಟಲೆ ಅದನ್ನೇ ಓದಿದ್ರಂತೆ. ನಮ್ಮ ರಿಸರ್ವ್ ಬ್ಯಾಂಕ್ ಥರ ಅಮೆರಿಕದಲ್ಲಿರೋ ಫೆಡರಲ್ ರಿಸರ್ವ್‌ನ ಕೆಫೆಟೇರಿಯಾದಲ್ಲಿ ಪರಿಚಯ ಆದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರನ್ನ ಮದುವೆ ಆದ್ರು, 2014ರಲ್ಲಿ ಅದೇ ಫೆಡ್‌ಗೆ ಮೊದಲ ಮಹಿಳಾ ಅಧ್ಯಕ್ಷೆ.

ನಂಗೆ ತುಂಬಾ ಇಷ್ಟ ಆಗೋದು ಬೇರೇನೇ. ಮಗನ್ನ ನೋಡ್ಕೊಳ್ಳೋಕೆ ಬರೋರಿಗೆ ಗಂಡ ಹೆಂಡ್ತಿ ಊರಲ್ಲಿ ನಡೀತಿದ್ದ ರೇಟಿಗಿಂತ ಜಾಸ್ತಿ ಕೊಡ್ತಿದ್ರು, ನ್ಯಾಯವಾದ ಸಂಬಳ ಕೊಟ್ರೆ ಮನಸ್ಸಿಟ್ಟು ಕೆಲಸ ಮಾಡ್ತಾರೆ ಅನ್ನೋದು ಅವರು ಬರೆದ ಪೇಪರ್‌ಗಳಲ್ಲೂ ಇದೆ. ನಮ್ಮನೆ ಕೆಲಸಕ್ಕೆ ಬರೋ ಅಕ್ಕಂಗೆ ಸಂಬಳ ಜಾಸ್ತಿ ಮಾಡಿ ಎಷ್ಟು ದಿನ ಆಯ್ತು ಅಂತ ಯೋಚಿಸ್ತಾ ಕೂತೆ.

ಪಕ್ಕದಲ್ಲಿ ನಮ್ಮ 500ರ ನೋಟು ಇಟ್ಟು ನೋಡಿದೆ. ರಿಸರ್ವ್ ಬ್ಯಾಂಕ್ ಶುರುವಾಗಿದ್ದು 1935ರಲ್ಲಿ, ಗವರ್ನರ್ ಸಹಿ ಜಾಗದಲ್ಲಿ ಇನ್ನೂ ಒಂದು ಹೆಣ್ಣಿನ ಹೆಸರಿಲ್ಲ. ಡೆಪ್ಯುಟಿ ಗವರ್ನರ್ ಆಗಿದ್ದಾರೆ, 2003ರಲ್ಲಿ ಕೆ.ಜೆ. ಉದೇಶಿ, ಆಮೇಲೆ ನಮ್ಮ ಮೈಸೂರು ಯೂನಿವರ್ಸಿಟಿಯಲ್ಲಿ ಓದಿದ ಶ್ಯಾಮಲಾ ಗೋಪಿನಾಥ್.

ಡಾಲರ್ ನೋಟು ಈಗ ದೇವರ ಮನೇಲಿ ಲಕ್ಷ್ಮಿ ಫೋಟೋ ಹತ್ರ ಇದೆ. ಅಮ್ಮಾನೇ ಇಟ್ಟಿದ್ದು.