ಮರುಭೂಮಿಗೆ ಬಂದ ಲಂಡನ್ ಬ್ರಿಜ್

ತಮ್ಮದಲ್ಲದ ಜಾಗಕ್ಕೆ ಬಂದು ಸಿಕ್ಕಿಕೊಂಡವರಿಗೆ ಇಲ್ಲಿ ಅಮೆರಿಕದವರು ‘ಫಿಶ್ ಔಟ್ ಆಫ್ ವಾಟರ್’ ಅನ್ನುತ್ತಾರೆ. ನೀರು ಬಿಟ್ಟು ಬಂದ ಮೀನು. ನಮ್ಮಂಥ ಹೊರನಾಡಿಗರ ಕಿವಿಗೆ ಈ ಮಾತು ಆಗಾಗ ಬೀಳುತ್ತದೆ. ಆದರೆ ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಒಂದು ಸೇತುವೆಯೇ ಹಾಗೆ ಬಂದು ಕೂತಿದೆ. ಅದೂ ಲಂಡನ್ ಬ್ರಿಜ್!

ಫೀನಿಕ್ಸಿನಿಂದ ಕಾರಿನಲ್ಲಿ ಮೂರು ಗಂಟೆ ಚಿಲ್ಲರೆ ಹೋದರೆ ಲೇಕ್ ಹವಾಸು ಸಿಟಿ. ಸುತ್ತ ಬೋಳು ಬೆಟ್ಟ, ಕುರುಚಲು ಗಿಡ. ನಡುವೆ ಐದು ಕಮಾನಿನ ಕಲ್ಲು ಸೇತುವೆ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತಾರಲ್ಲ, ಥೇಟ್ ಹಾಗೆ. ಊರಿಂದ ಬಂದ ನೆಂಟರು ಮೊದಲು ಕೇಳುವುದು, “ಆ ಎರಡು ಗೋಪುರ ಎಲ್ಲಿ?” ಅದು ಟವರ್ ಬ್ರಿಜ್, ಈಗಲೂ ಲಂಡನ್ನಿನಲ್ಲೇ ಇದೆ. ಇದನ್ನು ಕೊಂಡವರೂ ಗೋಪುರದ್ದೇ ಅಂದುಕೊಂಡು ಮೋಸಹೋದರು ಅನ್ನುವ ಕಥೆ ಇದೆ. ಮಾರಿದವರೂ ಕೊಂಡವರೂ ಅದನ್ನು ಅಲ್ಲಗಳೆದಿದ್ದಾರೆ. ಕಥೆ ಮಾತ್ರ ಸಾಯುತ್ತಿಲ್ಲ.

ಕೊಂಡವರು ರಾಬರ್ಟ್ ಮೆಕಲಕ್. ಮರ ಕೊಯ್ಯುವ ಚೈನ್‌ಸಾ ತಯಾರಿಸುತ್ತಿದ್ದ ಉದ್ಯಮಿ. ಇಲ್ಲಿ ಜಮೀನು ಹಿಡಿದು ಹೊಸ ಊರು ಕಟ್ಟಲು ಹೊರಟಿದ್ದರು. ಆದರೆ ಈ ಬಿಸಿಲಲ್ಲಿ ಸೈಟು ಕೊಳ್ಳಲು ಯಾರು ಬರಬೇಕು? ಅತ್ತ ಲಂಡನ್ನಿನಲ್ಲಿ 1831ರ ಸೇತುವೆ ನಿಧಾನವಾಗಿ ಥೇಮ್ಸ್ ನದಿಯೊಳಗೆ ಕುಸಿಯುತ್ತಿತ್ತು. ನಗರಾಡಳಿತ ಅದನ್ನು ಮಾರಾಟಕ್ಕಿಟ್ಟಿತು. 1968ರಲ್ಲಿ ಮೆಕಲಕ್ 24,60,000 ಡಾಲರ್ ಕೊಟ್ಟು ಕೊಂಡರು. ಕಲ್ಲುಗಳಿಗೆ ನಂಬರ್ ಹಾಕಿ, ಹಡಗಿನಲ್ಲಿ ಪನಾಮಾ ಕಾಲುವೆ ದಾಟಿಸಿ, ಕ್ಯಾಲಿಫೋರ್ನಿಯಾದಿಂದ ಲಾರಿಯಲ್ಲಿ ತರಿಸಿದರು. ಒಳಗೆ ಹೊಸ ಕಾಂಕ್ರೀಟ್, ಹೊರಗೆ ಹಳೇ ಕಲ್ಲು.

ನನಗೆ ಮಜಾ ಅನಿಸುವುದು ಇದರ ಮುಂದಿನದು. ಸೇತುವೆ ಕಟ್ಟಿದ್ದು ಒಣ ನೆಲದ ಮೇಲೆ! ಕೊಲೊರಾಡೋ ನದಿಯ ಹಿನ್ನೀರಿನೊಳಕ್ಕೆ ಚಾಚಿಕೊಂಡಿದ್ದ ನೆಲ ಅದು. ಸೇತುವೆ ಎದ್ದ ಮೇಲೆ ಅದರ ಕೆಳಗೆ ಕಾಲುವೆ ತೋಡಿ ನೀರು ಹರಿಸಿದರು. ಆಚೆ ಕಡೆಯ ನೆಲ ದ್ವೀಪವಾಯಿತು. ದಾಟಲು ಏನೂ ಇಲ್ಲದ ಕಡೆ ದಾಟಲೇಬೇಕಾದಂತೆ ಮಾಡಿದರು, ಅಷ್ಟೇ. ವಲಸೆ ಬಂದ ನಮಗೆ ಯಾರು ಹೀಗೆ ನೆಲ ಅಗೆದು ಕೊಡುತ್ತಾರೆ, ಹೇಳಿ? ನಾವೇ ಒಗ್ಗಿಕೊಳ್ಳಬೇಕು. 1971ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಯಿತು. ಜನ ಬಂದರು, ಊರು ಬೆಳೆಯಿತು. ಈಗ ಕಮಾನಿನ ಕೆಳಗೆ ಬೋಟುಗಳದ್ದೇ ಗದ್ದಲ.

ನೋಡಲು ಬರುವುದಾದರೆ ಚಳಿಗಾಲದಲ್ಲಿ ಬನ್ನಿ. 1994ರ ಜೂನ್‌ನಲ್ಲಿ ಈ ಊರಲ್ಲಿ 128 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿತ್ತು. ನಮ್ಮ ಲೆಕ್ಕದಲ್ಲಿ 53 ದಾಟಿದ ಬಿಸಿಲು. ರಾಯಚೂರಿನವರೂ ತಡೆಯುವುದು ಕಷ್ಟ.